ಇನ್ನೊಂದು ಪಾರ್ಟಿ ರೆಡಿ ಇದೆ ಅಂದಾಗ ಎಷ್ಟು ಹೇಳಬೇಕು?

"ಸಾರ್, ಇನ್ನೊಂದು ಪಾರ್ಟಿ ರೆಡಿ ಇದೆ. ನಾಳೆ ಅಡ್ವಾನ್ಸ್ ಕೊಡ್ತೀವಿ ಅಂತಿದ್ದಾರೆ. ನೀವು ಎಷ್ಟಕ್ಕೆ ಬರ್ತೀರಾ ಹೇಳಿಬಿಡಿ."

ಶಿವಮೊಗ್ಗದಲ್ಲಿ ಮನೆ ಹುಡುಕಿದವರಿಗೆಲ್ಲ ಬ್ರೋಕರ್‌ನ ಈ ಫೋನು ಒಮ್ಮೆಯಾದರೂ ಬಂದಿರುತ್ತದೆ. ವಿನೋಬನಗರ, ಗೋಪಾಳ, ಕುವೆಂಪು ನಗರದ ಕಡೆ ಒಂದು ಹಳೇ 30-40 ಮನೆ ಮಾರಾಟಕ್ಕೆ ಬಂತು ಅಂದರೆ ನೋಡಲು ಬರುವವರಿಗೆ ಕಡಿಮೆಯಿಲ್ಲ. ತೀರ್ಥಹಳ್ಳಿ, ಸಾಗರದ ಕಡೆಯ ತೋಟದವರು ಮಕ್ಕಳ ಓದಿಗೆ ಅಂತ ಬರುತ್ತಾರೆ. ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಅಪ್ಪ-ಅಮ್ಮನಿಗೆ ಅಂತ ನೋಡುತ್ತಾನೆ. ವರ್ಗವಾಗಿ ಬಂದು ಇನ್ನು ಇಲ್ಲೇ ಇರೋಣ ಅಂದುಕೊಂಡ ನೌಕರರಿದ್ದಾರೆ. ಎಲ್ಲರ ಜೇಬೂ ಬೇರೆ, ಅವಸರವೂ ಬೇರೆ. ಇವರ ನಡುವೆ ನಿಂತು ನೀವೊಂದು ಅಂಕಿ ಹೇಳಬೇಕು. ಜಾಸ್ತಿ ಹೇಳಿದರೆ ಇಪ್ಪತ್ತು ವರ್ಷ ಕಂತು ಕಟ್ಟುವಾಗ ಚುಚ್ಚುತ್ತಿರುತ್ತದೆ, ಕಡಿಮೆ ಹೇಳಿದರೆ ಮನೆ ಕೈ ತಪ್ಪುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಫೋನು ಬಂದ ಮೇಲೆ ಲೆಕ್ಕಕ್ಕೆ ಕೂತರೆ ನೀವು ಮಾಡುವುದು ಮನೆಯ ಲೆಕ್ಕ ಅಲ್ಲ, ಆ ಇನ್ನೊಂದು ಪಾರ್ಟಿಯ ಲೆಕ್ಕ. ನಿಮ್ಮ ಮಿತಿ ಅದಕ್ಕಿಂತ ಮೊದಲೇ ಹಾಳೆಯ ಮೇಲೆ ಇರಬೇಕು.

ಇದನ್ನು ನಮ್ಮ ಊರಿನಲ್ಲಿ ಚೆನ್ನಾಗಿ ಬಲ್ಲವರು ಅಡಿಕೆ ಖರೀದಿದಾರರು. ಮಂಡಿಯಲ್ಲಿ ಟೆಂಡರ್ ನಡೆಯುವಾಗ ನೋಡಿ. ವ್ಯಾಪಾರಿ ಲಾಟಿನ ಮುಂದೆ ನಿಂತು ನಾಲ್ಕು ಅಡಿಕೆ ಕೈಗೆತ್ತಿಕೊಳ್ಳುತ್ತಾನೆ, ಒಡೆದು ಒಳಗಿನ ಬಣ್ಣ ನೋಡುತ್ತಾನೆ, ರಾಶಿಯೋ ಬೆಟ್ಟೆಯೋ ಸರಕೋ ಎಂದು ಮನಸ್ಸಲ್ಲೇ ತೂಗಿ ಕ್ವಿಂಟಲಿಗೆ ಇಷ್ಟು ಅಂತ ತನ್ನ ದರ ಹಾಕುತ್ತಾನೆ. ಪಕ್ಕದವ ಎಷ್ಟು ಹಾಕಿದ ಅಂತ ಅವನಿಗೆ ಗೊತ್ತಿರುವುದಿಲ್ಲ. ಈ ಮಾಲನ್ನು ಮುಂದೆ ಎಷ್ಟಕ್ಕೆ ಕೊಡಬಹುದು, ಅದರಲ್ಲಿ ಖರ್ಚು ಕಳೆದರೆ ಎಷ್ಟು ಉಳಿಯುತ್ತದೆ, ಅಷ್ಟೇ ಅವನ ತಲೆಯಲ್ಲಿರುವುದು. ಮನೆ ಕೊಳ್ಳುವವರು ಮಾತ್ರ ಇದನ್ನು ತಿರುಗಾ-ಮುರುಗಾ ಮಾಡುತ್ತೇವೆ. ಮೊದಲು "ಅವರೆಷ್ಟು ಹೇಳಿದರು" ಅಂತ ಕೇಳಿ, ಆಮೇಲೆ ಅದಕ್ಕೆ ಒಂದು ಲಕ್ಷ ಸೇರಿಸುತ್ತೇವೆ.

ಸರಿ, ಮಿತಿ ಕಂಡುಹಿಡಿಯುವುದು ಹೇಗೆ? ಒಂದು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಬರೀ ಉದಾಹರಣೆಗೆ, ನಿಮ್ಮ ಬೀದಿಯ ದರ ಬೇರೆ ಇರುತ್ತದೆ.

30-40 ಸೈಟು ಅಂದರೆ 1,200 ಚದರಡಿ. ಆ ಬೀದಿಯಲ್ಲಿ ಖಾಲಿ ಸೈಟು ಚದರಡಿಗೆ 4,500 ರೂಪಾಯಿಗೆ ಹೋಗುತ್ತಿದೆ ಅಂದುಕೊಳ್ಳಿ. ಜಾಗಕ್ಕೆ 54 ಲಕ್ಷ ಆಯಿತು. ಮೇಲಿರುವುದು 900 ಚದರಡಿಯ ಮನೆ. ಇವತ್ತು ಕಟ್ಟಿಸಿದರೆ ಚದರಡಿಗೆ 2,000 ಹಿಡಿದು 18 ಲಕ್ಷ. ಆದರೆ ಇದಕ್ಕೆ ಇಪ್ಪತ್ತು ವರ್ಷ ಆಗಿದೆ. ಮನೆಯ ಆಯಸ್ಸು ಅರವತ್ತು ಅಂತ ಇಟ್ಟುಕೊಂಡರೆ ಮೂರರಲ್ಲಿ ಒಂದು ಪಾಲು ಹೋಯಿತು, ಉಳಿದದ್ದು 12 ಲಕ್ಷ. ಒಟ್ಟು 66. ತಾರಸಿ ಜಿನುಗುತ್ತಿದೆ, ವೈರಿಂಗ್ ಹಳೆಯದು, ರಿಪೇರಿಗೆ 3 ಲಕ್ಷ ಬೇಕು. ಅದನ್ನು ಕಳೆಯಿರಿ, 63. ಇದು ಯಾರಿಗಾದರೂ ಒಪ್ಪಿಗೆಯಾಗುವ ಬೆಲೆ. ಇದರ ಮೇಲೆ ನಿಮಗೆ ಮಾತ್ರ ಇರುವ ಬೆಲೆಯೊಂದಿದೆ: ತಂಗಿ ಮನೆ ಎರಡು ರಸ್ತೆ ಆಚೆ, ಮಕ್ಕಳ ಶಾಲೆಗೆ ನಡೆದೇ ಹೋಗಬಹುದು, ನಿಮ್ಮಾಕೆಗೆ ಹಿತ್ತಲ ಬಾವಿ ಇಷ್ಟವಾಗಿದೆ. ಅದಕ್ಕೆ 4 ಲಕ್ಷ ಕೊಡಬಹುದು ಅನ್ನಿಸಿದರೆ ನಿಮ್ಮ ಬೆಲೆಯ ಮಿತಿ 67. ಮಾಲೀಕರು ಕೇಳುತ್ತಿರುವುದು 75 ಅಂತಲೇ ಇಟ್ಟುಕೊಳ್ಳೋಣ. ಕೇಳುವ ಬೆಲೆ ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ? ಬರಬಾರದು.

ಬೀದಿಯ ದರ ತಿಳಿಯುವುದೇ ಕಷ್ಟ, ನಿಜ. ಮಾರ್ಗಸೂಚಿ ದರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ರಾಜ್ಯದಲ್ಲಿ ಅದನ್ನು 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದರು. ಆದರೆ ಅದು ಮುದ್ರಾಂಕ ಶುಲ್ಕ ಹಾಕಲು ಸರ್ಕಾರ ಇಟ್ಟುಕೊಂಡ ಕನಿಷ್ಠ ಬೆಲೆ, ಮಾರುಕಟ್ಟೆ ಬೆಲೆ ಅಲ್ಲ. ಇ.ಸಿ. (ಆಸ್ತಿಯ ಮೇಲೆ ಆಗಿರುವ ನೋಂದಣಿಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿದರೆ ಹಿಂದಿನ ಕ್ರಯಪತ್ರದಲ್ಲಿ ಬರೆದ ಮೊತ್ತ ಕಾಣುತ್ತದೆ, ಆದರೆ ಅಲ್ಲಿ ಬರೆದದ್ದೂ ಕೈ ಬದಲಾದದ್ದೂ ಒಂದೇ ಆಗಿರಬೇಕು ಅಂತೇನಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಒಬ್ಬ ಬ್ರೋಕರ್ ಮಾತು ಸಾಲದು. ಅದೇ ಬೀದಿಯಲ್ಲಿ ಈಚೆಗೆ ಕೊಂಡವರನ್ನು ಕೇಳಿ, ಅಲ್ಲಿ ಮನೆ ಕಟ್ಟಿಸುತ್ತಿರುವ ಮೇಸ್ತ್ರಿಯನ್ನು ಕೇಳಿ, ಬ್ಯಾಂಕಿನ ಪಟ್ಟಿಯಲ್ಲಿರುವ, ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯೂಯರ್‌ಗೆ ಫೀಸು ಕೊಟ್ಟು ಒಂದು ವರದಿ ಬರೆಸಿ. ಲಕ್ಷಗಟ್ಟಲೆ ವ್ಯವಹಾರದಲ್ಲಿ ಕೆಲವು ಸಾವಿರ ಉಳಿಸಲು ಹೋಗುವುದು ಯಾಕೆ ಅಂತ ನನಗೆ ಯಾವತ್ತೂ ಅರ್ಥವಾಗಿಲ್ಲ. "ವಿಮಾನ ನಿಲ್ದಾಣ ಬಂದಿದೆ, ರೇಟು ಡಬಲ್ ಆಗುತ್ತೆ" ಅನ್ನುವ ಮಾತನ್ನು ಈ ಲೆಕ್ಕದಿಂದ ಹೊರಗಿಡಿ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಅದರಿಂದ ಏರಬೇಕಾದ್ದು ಇವತ್ತಿನ ದರದಲ್ಲಿ ಆಗಲೇ ಸೇರಿದೆ. ಅದಕ್ಕೆ ಎರಡನೇ ಸಲ ದುಡ್ಡು ಕೊಡಬೇಡಿ.

ಈಗ ಎರಡನೇ ಮಿತಿ, ಕೈಯಲ್ಲಿರುವ ದುಡ್ಡಿನದು. ತುಂಬಾ ಜನ ಎಡವುವುದು ಇಲ್ಲೇ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಗೃಹಸಾಲ 30 ಲಕ್ಷದವರೆಗೆ ಇದ್ದರೆ ಮನೆ ಬೆಲೆಯ ಶೇ. 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದ ಸಾಲವಾದರೆ ಶೇ. 80, ಅದರ ಮೇಲೆ ಶೇ. 75. ಬೆಲೆ ಅಂದರೆ ಯಾವ ಬೆಲೆ? ಅಗ್ರಿಮೆಂಟಿನಲ್ಲಿ ಇರುವುದು ಮತ್ತು ಬ್ಯಾಂಕಿನ ವ್ಯಾಲ್ಯೂಯರ್ ಬರೆದದ್ದು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಬ್ಯಾಂಕಿನವರು ಹಿಡಿಯುತ್ತಾರೆ. ನೋಂದಣಿ ಖರ್ಚು ಇದರಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ವ್ಯಾಲ್ಯೂಯರ್ 62 ಲಕ್ಷ ಬರೆದ ಅಂದುಕೊಳ್ಳಿ. ಅದರ ಶೇ. 80 ಅಂದರೆ 49.6 ಲಕ್ಷ. ನೀವು 65 ಹೇಳಿ, 70 ಹೇಳಿ, ಸಾಲ ಮಾತ್ರ 49.6 ದಾಟುವುದಿಲ್ಲ.

ಇದರ ಮೇಲೆ ನೋಂದಣಿ. ಮುದ್ರಾಂಕ ಶುಲ್ಕ ಶೇ. 5. ಆ ಶುಲ್ಕದ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು ಶೇ. 7.6. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡವರಿಗೆ ಇಲ್ಲಿ ಅರ್ಧ ಲಕ್ಷಕ್ಕೂ ಮೇಲೆ ಹೊಡೆತ ಬೀಳುತ್ತದೆ. ಬ್ರೋಕರ್‌ಗೆ ಶೇ. 1 ಅಂತ ಹಿಡಿಯೋಣ, ರಿಪೇರಿಗೆ ಆ 3 ಲಕ್ಷ. ನಿಮ್ಮ ಹತ್ತಿರ 27 ಲಕ್ಷ ಇದೆ, ಅದರಲ್ಲಿ 2 ಲಕ್ಷ ಆಸ್ಪತ್ರೆ-ಗೀಸ್ಪತ್ರೆ ಅಂತ ಮುಟ್ಟದೆ ಇಡುತ್ತೀರಿ, ಹಾಕಬಹುದಾದ್ದು 25. ಲೆಕ್ಕ ಹಾಕಿದರೆ ಈ ದುಡ್ಡಲ್ಲಿ ಹೇಳಬಹುದಾದ ಬೆಲೆ ಸುಮಾರು 65.9 ಲಕ್ಷ. ಬೆಲೆಯ ಮಿತಿ 67 ಇತ್ತು. ಎರಡರಲ್ಲಿ ಚಿಕ್ಕದೇ ನಿಮ್ಮ ನಿಜವಾದ ಮಿತಿ, ಸುಮಾರು 66 ಅನ್ನಿ.

ಇದರಲ್ಲಿ ಒಂದು ವಿಷಯ ನಿಧಾನವಾಗಿ ನೋಡಬೇಕು. 66ರಿಂದ 69ಕ್ಕೆ ಏರಿಸಿದರೆ ಏನಾಗುತ್ತದೆ? "ಮೂರು ಲಕ್ಷ ತಾನೇ, ಕಂತಲ್ಲಿ ಸೇರಿಹೋಗುತ್ತೆ" ಅಂತ ಬ್ರೋಕರ್ ಹೇಳುತ್ತಾನೆ. ಸೇರುವುದಿಲ್ಲ. ಬ್ಯಾಂಕು ತನ್ನ ಗೆರೆಯಲ್ಲೇ ನಿಂತಿದೆ. ಆ ಮೂರು ಲಕ್ಷ ಪೂರ್ತಿ ನಿಮ್ಮ ಕೈಯಿಂದ, ಜೊತೆಗೆ ಅದರ ಮೇಲಿನ ನೋಂದಣಿ ಮತ್ತು ಕಮಿಷನ್ ಸುಮಾರು 26 ಸಾವಿರ. ಕೊನೆಕೊನೆಯಲ್ಲಿ ಏರಿಸುವ ದುಡ್ಡು ಯಾವಾಗಲೂ ಒಡವೆ ಅಡವಿಟ್ಟೋ, ಪರ್ಸನಲ್ ಲೋನ್ ತೆಗೆದೋ, ಭಾವನ ಹತ್ತಿರ ಕೈಸಾಲ ಮಾಡಿಯೋ ಬರುವ ದುಡ್ಡು. ಇನ್ನು ವ್ಯಾಲ್ಯೂಯರ್ ಜಾಸ್ತಿ ಬರೆದು ಬ್ಯಾಂಕೇ ಕೊಟ್ಟಿತು ಅಂತಿಟ್ಟುಕೊಂಡರೂ, ಶೇ. 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ ಕಂತು. ಮೂರು ಲಕ್ಷಕ್ಕೆ ಕೊನೆಗೆ ಕಟ್ಟಿರುವುದು ಆರು ಲಕ್ಷದ ಮೇಲೆ.

ಮಿತಿ ಸಿಕ್ಕಿತು. ಹಾಗಂತ ಅದನ್ನೇ ಹೇಳಿಬಿಡಬೇಕಾ? ಇಲ್ಲ. ಎಷ್ಟು ಹೇಳಬೇಕು ಅನ್ನುವುದು ಆಟದ ನಿಯಮದ ಮೇಲೆ ನಿಂತಿದೆ. ಇದರ ಮೇಲೆ ಅರ್ಥಶಾಸ್ತ್ರಜ್ಞರು ತುಂಬಾ ತಲೆ ಕೆಡಿಸಿಕೊಂಡಿದ್ದಾರೆ. ವಿಲಿಯಂ ವಿಕ್ರಿ 1961ರಲ್ಲೇ ಇದರ ಗಣಿತ ಬಿಡಿಸಿಟ್ಟರು, 1996ರಲ್ಲಿ ಅವರಿಗೆ ನೊಬೆಲ್ ಬಂತು. 2020ರ ಅರ್ಥಶಾಸ್ತ್ರದ ನೊಬೆಲ್ ಕೂಡ ಹರಾಜಿನ ಸಿದ್ಧಾಂತಕ್ಕೇ, ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್‌ಗೆ.

ಬಹಿರಂಗವಾಗಿ ಏರುತ್ತಾ ಹೋಗುವ ಆಟ ಸುಲಭ. ಬ್ರೋಕರ್ ಅತ್ತಿಂದಿತ್ತ ಓಡಾಡಿ "ಅವರು 62 ಅಂದರು, ನೀವು?" ಅಂತ ಕೇಳುವುದು ಇದೇ. ಸ್ವಲ್ಪ ಸ್ವಲ್ಪವೇ ಏರಿ, ಮಿತಿ ಬಂದಾಗ ನಿಲ್ಲಿ. ಎದುರಿನವರ ಮಿತಿ 64 ಆಗಿದ್ದರೆ ನಿಮಗೆ 64ರ ಮೇಲೆ ಒಂಚೂರಿಗೇ ಮನೆ ಸಿಗುತ್ತದೆ, 66 ಕೊಡಬೇಕಿಲ್ಲ.

ಮುಚ್ಚಿದ ಆಟ ಬೇರೆ. "ಭಾನುವಾರದೊಳಗೆ ಎಲ್ಲರೂ ನಿಮ್ಮ ಕೊನೇ ಮಾತು ಹೇಳಿ, ಯಾರದು ಜಾಸ್ತಿಯೋ ಅವರಿಗೆ" ಅಂತ ಮಾಲೀಕರು ಹೇಳುವುದುಂಟು. ಇಲ್ಲಿ ಹೇಳಿದ್ದನ್ನು ಕೊಡಲೇಬೇಕು. 66 ಹೇಳಿ ಗೆದ್ದರೆ ಲಾಭ ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಇಳಿಸಿ ಹೇಳಬೇಕು. ಎಷ್ಟು ಇಳಿಸಬೇಕು ಅನ್ನುವುದು ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ. 58ರ ಕೆಳಗೆ ಮಾಲೀಕರು ಕೊಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಒಬ್ಬೊಬ್ಬರ ಮಿತಿ ಅಲ್ಲಿಂದ ಮೇಲೆ ಎಲ್ಲಾದರೂ ಇರಬಹುದು ಅಂದುಕೊಳ್ಳಿ. ಸರಳ ಗಣಿತದ ಪ್ರಕಾರ ನೀವು ಮತ್ತು ಇನ್ನೊಬ್ಬರು ಮಾತ್ರ ಇದ್ದರೆ 58 ಮತ್ತು 66ರ ಅರ್ಧದಾರಿ, ಅಂದರೆ 62. ಒಟ್ಟು ನಾಲ್ಕು ಜನ ಇದ್ದರೆ ಮುಕ್ಕಾಲು ದಾರಿ, 64. ಮನುಷ್ಯರು ಇಷ್ಟು ಚೊಕ್ಕವಾಗಿ ಯೋಚಿಸುವುದಿಲ್ಲ, ಸರಿ. ಆದರೂ ದಿಕ್ಕು ಇದೇ: ಪೈಪೋಟಿ ಕಡಿಮೆ ಇದ್ದರೆ ಜಾಸ್ತಿ ಇಳಿಸಿ, ಜನ ಹೆಚ್ಚಾದಂತೆ ಮಿತಿಯ ಹತ್ತಿರ ಹೋಗಿ. ಮತ್ತೆ, 64 ಅಂತ ದುಂಡಗೆ ಹೇಳಬೇಡಿ. ಎಲ್ಲರೂ ದುಂಡು ಅಂಕಿಯಲ್ಲೇ ನಿಲ್ಲುತ್ತಾರೆ. 64 ಲಕ್ಷದ 11 ಸಾವಿರ ಅನ್ನಿ. ಮುಯ್ಯಿಗೇ ಒಂದು ರೂಪಾಯಿ ಸೇರಿಸಿ ಕೊಡುವ ಊರಿನಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ.

ಜನ ಹೆಚ್ಚಾದಷ್ಟೂ ಏರಿ ಅಂದೆನಲ್ಲ, ಅದಕ್ಕೊಂದು ದೊಡ್ಡ ಅಡ್ಡಿ ಇದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ತೆಗೆಯುವ ಹಕ್ಕಿಗೆ ಕಂಪನಿಗಳು ಮುಚ್ಚಿದ ಟೆಂಡರ್ ಹಾಕುತ್ತಿದ್ದವು. ಅಟ್ಲಾಂಟಿಕ್ ರಿಚ್‌ಫೀಲ್ಡ್ ಕಂಪನಿಯ ಮೂವರು ಎಂಜಿನಿಯರ್‌ಗಳು 1971ರಲ್ಲಿ ಒಂದು ವಿಷಯ ಬರೆದರು. ಕೆಳಗೆ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಎಲ್ಲರದೂ ಅಂದಾಜು. ಕೆಲವರ ಅಂದಾಜು ಕಡಿಮೆ, ಕೆಲವರದು ಜಾಸ್ತಿ. ಗೆಲ್ಲುವವನು ಯಾರು? ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವನು, ಅಂದರೆ ಬಹುಮಟ್ಟಿಗೆ ಎಲ್ಲರಿಗಿಂತ ಜಾಸ್ತಿ ತಪ್ಪಿದವನು. ಹಾಗಾಗಿ ಗೆದ್ದವರಿಗೇ ನಷ್ಟ.

ಮನೆಯಲ್ಲೂ ಹೀಗೆ ನೆಲದಡಿಯ ಎಣ್ಣೆಯಂಥ ಭಾಗವಿದೆ. ಪಾಯ ಹೇಗಿದೆ, ಗೆದ್ದಲು ಎಲ್ಲಿವರೆಗೆ ಹೋಗಿದೆ, ಕಾಗದಪತ್ರ ಸರಿ ಇದೆಯಾ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ. ಇವು ಯಾರು ಕೊಂಡರೂ ಒಂದೇ. ತಂಗಿ ಮನೆ ಹತ್ತಿರ ಅನ್ನುವ ನಿಮ್ಮ 4 ಲಕ್ಷಕ್ಕೆ ಈ ಅಪಾಯ ಇಲ್ಲ, ಅದು ನಿಮಗೆ ಖಂಡಿತ ಗೊತ್ತು. ಅಪಾಯ ಇರುವುದು 63ರಲ್ಲಿ. ಮೂರು ಜನ 60ಕ್ಕೆ ನಿಂತು ನೀವೊಬ್ಬರೇ 65ಕ್ಕೆ ಹೋದಿರಿ ಅಂದರೆ ಖುಷಿಪಡುವ ಮುಂಚೆ ಯೋಚಿಸಬೇಕು. ಅವರಿಗೆ ಕಂಡದ್ದು ನನಗೆ ಕಾಣಲಿಲ್ಲವಾ?

ಕಾಣಬೇಕಾದ್ದು ಏನೇನು ಅಂತ ಒಂದೆರಡು ಹೇಳುತ್ತೇನೆ. ಬೇಸಿಗೆಯಲ್ಲಿ ಮನೆ ನೋಡಿದರೆ ಗೋಡೆಯ ಬುಡ ನೋಡಿ. ಕಿಟಕಿಯ ಕೆಳಗಿನವರೆಗೆ ಮಾತ್ರ ಹೊಸ ಬಣ್ಣ, ಮೇಲೆ ಹಳೆಯದು ಅಂದರೆ ಯಾಕೆ ಅಂತ ಕೇಳಿ. ಬೀರು ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಸ್ವಲ್ಪ ಸರಿಸಿ ಹಿಂದೆ ಕೈಯಾಡಿಸಿ, ಪುಡಿ ಉದುರಿದರೆ ಥಂಡಿ ಇದೆ ಅಂತಲೇ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಊರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಆ ವರ್ಷ ಈ ಬೀದಿಗೆ ಬಂದಿತ್ತಾ ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಹೆಂಚಿನ ಮನೆಯಾದರೆ ಅಟ್ಟ ಹತ್ತಿ ರೀಪು, ಪಕಾಸಿ ಬೆರಳಿಂದ ಒತ್ತಿ ನೋಡಿ. ಸಾಧ್ಯವಾದರೆ ಆಷಾಢದ ಮಳೆಯಲ್ಲೇ ಹೋಗಿ ನೋಡಿ. ಆಗ ಪೈಪೋಟಿಯೂ ಕಡಿಮೆ, ಆಷಾಢದಲ್ಲಿ ಮಾತಾಡಿ ಶ್ರಾವಣದಲ್ಲಿ ಅಗ್ರಿಮೆಂಟ್ ಮಾಡಿಕೊಳ್ಳಲು ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ.

ಕಾಗದದ ಕಡೆ ಇ-ಖಾತಾ (ಆಸ್ತಿ ಖಾತೆಯ ಡಿಜಿಟಲ್ ದಾಖಲೆ) ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯಿಂದ ಸಮಪಾಲಿದೆ. ಹೊಸನಗರದಲ್ಲಿರುವ ಒಬ್ಬ ಅಕ್ಕ ಸಹಿ ಹಾಕಲು ಒಪ್ಪಿಲ್ಲ ಅನ್ನುವ ಕಾರಣಕ್ಕೆ ಮನೆ ಐದು ಲಕ್ಷ ಕಡಿಮೆಗೆ ಬರುತ್ತಿದ್ದರೆ ಅದು ಅಗ್ಗ ಅಲ್ಲ, ಮುಂದೆ ಕೋರ್ಟಿಗೆ ಕೊಡಬೇಕಾದ ದುಡ್ಡು.

ಇನ್ನು ಆ ಇನ್ನೊಂದು ಪಾರ್ಟಿ. ನಿಜವಾಗಿ ಇದ್ದಾರಾ? ಅರ್ಧ ಸಲ ಇರುತ್ತಾರೆ, ಅರ್ಧ ಸಲ ಬ್ರೋಕರ್ ಬಾಯಲ್ಲಿ ಮಾತ್ರ ಇರುತ್ತಾರೆ ಅಂತ ನನ್ನ ಅನುಮಾನ. ಇದ್ದಾರೋ ಇಲ್ಲವೋ ಅಂತ ಪತ್ತೇದಾರಿಕೆ ಮಾಡುತ್ತಾ ಕೂರಬೇಕಿಲ್ಲ. ನೇರವಾಗಿ ಹೇಳಿ: "63ಕ್ಕೆ ಶುಕ್ರವಾರ ಅಗ್ರಿಮೆಂಟಿಗೆ ಬರ್ತೀನಿ, ಅಡ್ವಾನ್ಸ್ ಚೆಕ್ ತರ್ತೀನಿ. ಶುಕ್ರವಾರ ಸಂಜೆ ಆದಮೇಲೆ ಈ ಮಾತು ಇಲ್ಲ." ಕೈಯಲ್ಲಿ 66 ಹಿಡಿದ ಪಾರ್ಟಿ ನಿಜವಾಗಿ ಇದ್ದರೆ ಮಾಲೀಕರು ಒಪ್ಪುವುದಿಲ್ಲ. ಇಲ್ಲದಿದ್ದರೆ ಗುರುವಾರ ರಾತ್ರಿಯೇ ಫೋನು ಬರುತ್ತದೆ. ಮಾಲೀಕರ ಜೊತೆ ಒಮ್ಮೆ ನೇರವಾಗಿ ಕೂತು ಕಾಫಿ ಕುಡಿಯುವುದೂ ಒಳ್ಳೆಯದು. ಮಗಳ ಮದುವೆಯಾ, ಸಾಲ ತೀರಿಸಬೇಕಾ, ಮಗನ ಜೊತೆ ಬೆಂಗಳೂರಿಗೆ ಹೋಗುತ್ತಿದ್ದಾರಾ? ಯಾಕೆ ಮಾರುತ್ತಿದ್ದಾರೆ ಅಂತ ಗೊತ್ತಾದರೆ ದುಡ್ಡು ಬಿಟ್ಟು ಬೇರೆ ಏನು ಕೊಡಬಹುದು ಅಂತ ಗೊತ್ತಾಗುತ್ತದೆ.

ಅದು ಸಣ್ಣ ವಿಷಯ ಅಲ್ಲ. ಸಾಲ ಮಂಜೂರಾದ ಪತ್ರ ಕೈಯಲ್ಲಿಟ್ಟುಕೊಂಡು ಹೋಗುವವರಿಗೂ, "ಬ್ಯಾಂಕಲ್ಲಿ ಕೇಳಿದೀನಿ, ಆಗುತ್ತೆ ಅಂದ್ರು" ಅನ್ನುವವರಿಗೂ ತುಂಬಾ ವ್ಯತ್ಯಾಸವಿದೆ. ಮೊಮ್ಮಗನ ಪರೀಕ್ಷೆ ಮುಗಿಯುವವರೆಗೆ ಮಾರ್ಚ್ ಕೊನೆತನಕ ಇಲ್ಲೇ ಇರಿ ಅಂದರೆ ಅದಕ್ಕೇ ಒಂದು ಲಕ್ಷ ಬಿಡುವವರಿದ್ದಾರೆ. ಮೂರು ತಿಂಗಳ ಅಗ್ರಿಮೆಂಟ್ ಬದಲು ನಲವತ್ತೈದು ದಿನ ಅಂದರೂ ಬೆಲೆ ಇಳಿಯಬಹುದು. ತೋಟದ ದುಡ್ಡಲ್ಲಿ ಬರುವವರ ಜೊತೆ ಅಂಕಿಯಲ್ಲಿ ಸ್ಪರ್ಧಿಸಲು ಆಗದಿದ್ದಾಗ ಸಂಬಳದವರಿಗೆ ಇರುವ ದಾರಿ ಇದೇ.

ಒಂದು ಮಾತು ಮಾತ್ರ ಒಪ್ಪಬೇಡಿ. "64ಕ್ಕೆ ಕೊಡ್ತೀನಿ, ಆದರೆ 24 ಕ್ಯಾಶ್." ಹಾಗೆ ಮಾಡಿದರೆ ಕಾಗದದಲ್ಲಿ ಮನೆ 40 ಲಕ್ಷದ್ದಾಗುತ್ತದೆ. ಸಾಲ 40ರ ಮೇಲೆ, ಅಂದರೆ 32 ಲಕ್ಷ ಮಾತ್ರ. ಉಳಿದ 32 ಲಕ್ಷ ನೀವೇ ಹೊಂದಿಸಬೇಕು. ಮುಂದೆ ನೀವು ಮಾರುವಾಗ ಕೊಂಡ ಬೆಲೆ 40 ಅಂತಲೇ ಲೆಕ್ಕ, ಅವರು ಉಳಿಸಿದ ತೆರಿಗೆ ನಿಮ್ಮ ತಲೆಗೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಪಡೆದಷ್ಟೇ ದಂಡ ಬೀಳಬಹುದು. ಅದೇ ಕಾನೂನಿನ ಪ್ರಕಾರ 50 ಲಕ್ಷ ಅಥವಾ ಮೇಲಿನ ಮನೆಗೆ ಕೊಳ್ಳುವವರೇ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕಟ್ಟಬೇಕು. ಇದು ಮಾಲೀಕರ ದುಡ್ಡಿನಿಂದ ಹೋಗುವಂಥದ್ದು, ಮೊದಲೇ ಹೇಳಿಬಿಡಿ, ಕೊನೇ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಜಗಳ ಬೇಡ.

ಬ್ಯಾಂಕು ಜಪ್ತಿ ಮಾಡಿದ ಮನೆಯ ಹರಾಜು, ಸೂಡಾದ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರದ) ಮೂಲೆ ಸೈಟಿನ ಹರಾಜು ಇವೆಲ್ಲ ಬಹಿರಂಗ ಆಟಗಳೇ, ಮಿತಿಯವರೆಗೆ ಏರಿ ನಿಲ್ಲುವುದು ಇಲ್ಲೂ ಸರಿ. ಆದರೆ ಬ್ಯಾಂಕ್ ಹರಾಜಿನಲ್ಲಿ ಗೆದ್ದರೆ ಅವತ್ತೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಠೇವಣಿ ಸೇರಿ ಶೇ. 25 ಕಟ್ಟಬೇಕು, ಉಳಿದದ್ದು ಸಾಮಾನ್ಯವಾಗಿ 15 ದಿನದಲ್ಲಿ. ಕಟ್ಟದಿದ್ದರೆ ಕೊಟ್ಟದ್ದೂ ಹೋಯಿತು. ಮನೆ ಇದ್ದ ಹಾಗೇ ತೆಗೆದುಕೊಳ್ಳಬೇಕು, ಒಳಗೆ ಬಾಡಿಗೆದಾರರಿದ್ದರೆ ಅವರ ಸಮೇತ. ಅಲ್ಲಿ ಅಂದಾಜು ತಪ್ಪುವ ಅಪಾಯ ದುಪ್ಪಟ್ಟು, ಅದಕ್ಕೆ ತಕ್ಕಂತೆ ಮಿತಿಯನ್ನು ಮೊದಲೇ ಇಳಿಸಿಕೊಂಡು ಹೋಗಿ.

ಕೊನೆಗೆ 66ಕ್ಕೆ ನಿಂತಿರಿ, ಅವರು 68ಕ್ಕೆ ತೆಗೆದುಕೊಂಡರು ಅಂತಿಟ್ಟುಕೊಳ್ಳಿ. ಮುನಿಸಿಕೊಂಡು ಬರಬೇಡಿ. "ಇದು ಮುರಿದುಬಿದ್ದರೆ ನನ್ನ 66 ಲಕ್ಷದ ಮಾತು ಇನ್ನೊಂದು ತಿಂಗಳು ಇರುತ್ತೆ" ಅಂತ ಮಾಲೀಕರಿಗೇ ಹೇಳಿಟ್ಟು ಬನ್ನಿ. ಜೋಶಿನಲ್ಲಿ ಏರಿಸಿದವರಿಗೆ ಬ್ಯಾಂಕಿನಲ್ಲಿ ಸಾಲ ಸಾಲದೆ ವ್ಯವಹಾರ ಬಿದ್ದುಹೋಗುವುದು ಅಪರೂಪವೇನಲ್ಲ. ಫೋನು ವಾಪಸ್ ಬಂದರೆ ಮೊದಲು ಕೇಳಬೇಕಾದ್ದು ಅವರು ಬಿಟ್ಟದ್ದು ದುಡ್ಡು ಸಾಲದೆಯಾ, ಇಲ್ಲ ವಕೀಲರು ಕಾಗದ ನೋಡಿ ಬೇಡ ಅಂದರಾ ಅಂತ. ದುಡ್ಡಿಗಾಗಿ ಆದರೆ 66ಕ್ಕೆ ಮುಂದುವರಿಯಿರಿ, ಬೇಕಾದರೆ 65 ಕೇಳಿ ನೋಡಿ. ಅಡ್ವಾನ್ಸ್ ಕೊಡುವ ಮುಂಚೆ ಇ.ಸಿ. ಮಾತ್ರ ಹೊಸದಾಗಿ ತೆಗೆಸಿ. ಹಳೇ ಪಾರ್ಟಿ ಅಗ್ರಿಮೆಂಟ್ ನೋಂದಣಿ ಮಾಡಿಸಿದ್ದರೆ ಅದರಲ್ಲಿ ಕಾಣುತ್ತದೆ, ಆಗ ಅದನ್ನು ರದ್ದು ಮಾಡಿದ ಪತ್ರವೂ ನೋಂದಣಿಯಾಗಿ ನಿಮ್ಮ ಕೈಗೆ ಬರಬೇಕು.